ಬಂದರು ಊರಿಗೆ ರಜೆಗೆ ಹೋದರೆ ಬೀಚ್ ಬಿಟ್ಟು ಇನ್ನೇನು ಮಾಡಬಹುದು?

ಪ್ರಶ್ನೆ: ಮೂರು ದಿನ ರಜೆಗೆ ಒಂದು ಬಂದರು ಊರಿಗೆ ಹೋಗುತ್ತಿದ್ದೇವೆ. ಜೊತೆಗೆ ಇಬ್ಬರು ಮಕ್ಕಳು. ಬೀಚಿನಲ್ಲಿ ಒಂದು ಸಂಜೆ ಆಡಿದರೆ ಮುಗಿಯಿತು, ಉಳಿದ ಹೊತ್ತು ಏನು ಮಾಡುವುದು?

ಉತ್ತರ: ನೋಡುವ ಜಾಗಗಳ ಪಟ್ಟಿ ಆಮೇಲೆ ಮಾಡಿ. ಮೊದಲು ಆ ಊರಿನ ಉಬ್ಬರ-ಇಳಿತದ ವೇಳೆ ಹುಡುಕಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಎರಡು ನಿಮಿಷದ ಕೆಲಸ. ಬಂದರಿನಲ್ಲಿ ಅರ್ಧಕ್ಕರ್ಧ ಕೆಲಸ ನಡೆಯುವುದೇ ನೀರಿನ ಲೆಕ್ಕದಲ್ಲಿ. ಅದು ಗೊತ್ತಿಲ್ಲದೆ ಹೋದವರು ತಪ್ಪು ಹೊತ್ತಿಗೆ ಹೋಗಿ, ಖಾಲಿ ಕೆಸರು ನೋಡಿಕೊಂಡು, "ಇಲ್ಲಿ ಏನೂ ಇಲ್ಲ" ಎಂದು ವಾಪಸ್ ಬರುತ್ತಾರೆ.

ಲೆಕ್ಕ ಸುಲಭ. ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ, ಹಾಗಾಗಿ ಮಾರನೇ ದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಏರಿಳಿತ ಜೋರು, ಅಷ್ಟಮಿಯ ಹೊತ್ತಿಗೆ ಸಪ್ಪೆ. ಮೆಡಿಟರೇನಿಯನ್ ಥರದ ಸಮುದ್ರವಾದರೆ ಏರಿಳಿತವೇ ಅಷ್ಟಾಗಿ ಕಾಣಿಸುವುದಿಲ್ಲ, ಅಲ್ಲಿ ಈ ಚೀಟಿ ಬೇಡ.

ಇಳಿತದ ಹೊತ್ತು ಮಕ್ಕಳದ್ದು. ನೀರು ಹಿಂದೆ ಸರಿದಾಗ ಬಂಡೆಗಳ ನಡುವೆ ಸಣ್ಣ ಸಣ್ಣ ಗುಂಡಿಗಳಲ್ಲಿ ನೀರು ಉಳಿದಿರುತ್ತದೆ. ಒಂದು ಗುಂಡಿಯ ಪಕ್ಕ ನೆರಳು ಬೀಳದ ಹಾಗೆ ಕುಕ್ಕರುಗಾಲಲ್ಲಿ ಕೂತು ಐದು ನಿಮಿಷ ಸುಮ್ನೆ ನೋಡಿ. ಮೊದಲು ಏನೂ ಇರುವುದಿಲ್ಲ. ಆಮೇಲೆ ಒಂದು ಶಂಖ ಇದ್ದಕ್ಕಿದ್ದ ಹಾಗೆ ಎದ್ದು ನಡೆಯುತ್ತದೆ. ಅದು ಸತ್ತ ಬಸವನಹುಳುವಿನ ಚಿಪ್ಪಿನೊಳಗೆ ಬಿಡಾರ ಹೂಡಿದ ಸನ್ಯಾಸಿ ಏಡಿ. ಮೈ ದೊಡ್ಡದಾದಂತೆ ಮನೆ ಬದಲಾಯಿಸುತ್ತದೆ, ಅದಕ್ಕೇ ಖಾಲಿ ಚಿಪ್ಪುಗಳನ್ನು ಚೀಲ ತುಂಬಿ ತರಬೇಡಿ. ಕಲ್ಲು ಮಗುಚಿ ನೋಡಿದರೆ ಮತ್ತೆ ಹಾಗೇ ಇಡಿ, ಅದರಡಿ ಇರುವವರಿಗೆ ಬಿಸಿಲು ಆಗುವುದಿಲ್ಲ.

ಆದರೆ ನೀರು ತಿರುಗಿ ಬರುವ ರೀತಿ ಮೋಸದ್ದು. ನಾವಿಕರು ಅಂದಾಜಿಗೆ ಒಂದು ಹನ್ನೆರಡರ ಲೆಕ್ಕ ಇಟ್ಟುಕೊಂಡಿದ್ದಾರೆ: ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಆಮೇಲೆ ಮತ್ತೆ ಎರಡು, ಒಂದು. ಅಂದರೆ ಅರ್ಧ ನೀರು ನಡುವಿನ ಎರಡೇ ಗಂಟೆಯಲ್ಲಿ ನುಗ್ಗುತ್ತದೆ. ನಾನೊಮ್ಮೆ ಬಂಡೆ ಮೇಲೆ ಚಪ್ಪಲಿ ಬಿಟ್ಟು ಏಡಿ ನೋಡುತ್ತ ಕೂತವನು, ಒಂದು ಗಂಟೆ ನೀರು ಬಂದ ಹಾಗೇ ಅನ್ನಿಸಲಿಲ್ಲ, ಆಮೇಲೆ ತಿರುಗಿ ನೋಡಿದರೆ ಚಪ್ಪಲಿ ತೇಲುತ್ತಿತ್ತು, ಬಂದ ದಾರಿ ಮೊಣಕಾಲುದ್ದ ನೀರಿನಲ್ಲಿತ್ತು. ಇಳಿತಕ್ಕೆ ಒಂದು ಗಂಟೆ ಮುಂಚೆ ಹೋಗಿ, ನೀರು ತಿರುಗಿದ ಕೂಡಲೇ ಎದ್ದು ಬನ್ನಿ.

ಉಬ್ಬರದ ಹೊತ್ತು ಬಂದರಿನದ್ದು. ಅಳಿವೆಯಲ್ಲಿ ಹೂಳು ತುಂಬಿದ ಕಡೆ ದೋಣಿಗಳು ಒಳಗೆ ಬರಲು ನೀರು ಏರಲೇಬೇಕು, ಆಗ ಒಂದರ ಹಿಂದೆ ಒಂದು ಸಾಲಾಗಿ ಬರುತ್ತವೆ. ಮೀನು ಇಳಿಸುವ ಧಕ್ಕೆಗೆ ಬೆಳಗ್ಗೆ ಬೇಗ ಹೋಗಿ. ಕೆಲಸ ಮಾಡುವವರ ದಾರಿಗೆ ಅಡ್ಡ ನಿಲ್ಲಬೇಡಿ, ಫೋಟೋ ತೆಗೆಯುವ ಮೊದಲು ಕೇಳಿ, ಜಾರದ ಚಪ್ಪಲಿ ಹಾಕಿ. ಬಿಗಿಯಾಗಿ ಎಳೆದು ಕಟ್ಟಿದ ಹಗ್ಗದ ಹತ್ತಿರ, ಸುರುಳಿ ಬಿದ್ದ ಹಗ್ಗದೊಳಗೆ ಮಕ್ಕಳನ್ನು ಬಿಡಲೇಬೇಡಿ. ಹಗ್ಗ ತುಂಡಾದರೆ ಚಾಟಿಯ ಹಾಗೆ ಹೊಡೆಯುತ್ತದೆ.

ದೊಡ್ಡ ಹಡಗುಗಳ ಬಂದರಿಗೆ ಒಳಗೆ ಬಿಡುವುದಿಲ್ಲ, ಕೇಳಿ ಬೇಜಾರಾಗಬೇಡಿ. ಹಡಗು ಮತ್ತು ಬಂದರುಗಳ ಭದ್ರತೆಗೆ 2004ರಿಂದ ಅಂತರರಾಷ್ಟ್ರೀಯ ನಿಯಮವೇ ಇದೆ. ಹೊರಗೆ ಎತ್ತರದ ಜಾಗವೋ ದೀಪಸ್ತಂಭದ ಗುಡ್ಡವೋ ಹುಡುಕಿ, ಒಂದು ಬೈನಾಕ್ಯುಲರ್ ಇದ್ದರೆ ಸಾಕು. ಹಡಗಿನ ಹಿಂಭಾಗದಲ್ಲಿ ಹೆಸರಿನ ಕೆಳಗೆ ಅದು ನೋಂದಣಿಯಾದ ಊರಿನ ಹೆಸರಿರುತ್ತದೆ. ಪನಾಮ, ಮನ್ರೋವಿಯ (ಲೈಬೀರಿಯ ದೇಶದ ರಾಜಧಾನಿ) ಎಷ್ಟು ಸಲ ಬರುತ್ತದೆ ಎಣಿಸಿ. ಹಡಗಿನ ಮಗ್ಗುಲಲ್ಲಿ ಒಂದು ವೃತ್ತ, ಅದರ ನಡುವೆ ಅಡ್ಡಗೆರೆ ಕಂಡರೆ ಅದು ಪ್ಲಿಮ್‌ಸಾಲ್ ಗುರುತು. ಇಷ್ಟಕ್ಕಿಂತ ಜಾಸ್ತಿ ಮುಳುಗುವಷ್ಟು ಸರಕು ತುಂಬಬಾರದು ಎಂದು ತೋರಿಸುವ ಗೆರೆ. ಬ್ರಿಟನ್‌ನಲ್ಲಿ ಸಂಸದ ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಹಠ ಹಿಡಿದು 1876ರಲ್ಲಿ ಕಾನೂನು ಮಾಡಿಸಿದರು, ಅದಕ್ಕೇ ಆ ಹೆಸರು. ಹಡಗು ಕಟ್ಟಿದ ಹಗ್ಗದ ಮೇಲೆ ತಟ್ಟೆಯಂಥ ದುಂಡನೆಯ ತಗಡು ಸಿಕ್ಕಿಸಿದ್ದರೆ ಅದು ಇಲಿಗಳಿಗೆ ಅಡ್ಡ. ಹಗ್ಗದ ಮೇಲೆ ನಡೆದುಕೊಂಡು ಹಡಗು ಹತ್ತುವ ಇಲಿ ಅಲ್ಲಿಂದ ಮುಂದೆ ಹೋಗಲಾರದು. ನೀಲಿ ಬಾವುಟದ ನಡುವೆ ಬಿಳಿ ಚೌಕ ಏರಿಸಿದ್ದರೆ ಹಡಗು ಹೊರಡಲು ಸಿದ್ಧ, ಕಾದು ಕೂತರೆ ಪುಕ್ಕಟೆ ಸಿನಿಮಾ.

ದೋಣಿ ವಿಹಾರ ಬೇಕೆಂದರೆ ಬೆಳಗ್ಗೆಯೇ ಹೋಗಿ. ಬಿಸಿಲೇರಿ ನೆಲ ಕಾದ ಮೇಲೆ ಕಡಲಗಾಳಿ ಶುರುವಾಗಿ ಮಧ್ಯಾಹ್ನಕ್ಕೆ ಅಲೆ ಎದ್ದಿರುತ್ತದೆ. ವಾಂತಿ ಬರುವವರು ದೋಣಿಯ ನಡುವೆ ಕೂತು, ಮೊಬೈಲ್ ಒಳಗಿಟ್ಟು, ದೂರ ಬಾನಂಚು ನೋಡಬೇಕು. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ, ಚೌಕಾಸಿ ಎಲ್ಲ ಆಮೇಲೆ.

ಈಜುವುದಾದರೆ ಬಂದರಿನ ಕಲ್ಲಿನ ತಡೆಗೋಡೆಯ ಪಕ್ಕ ಮಾತ್ರ ಬೇಡ. ಗೋಡೆಗೆ ತಾಗಿದ ನೀರು ಅದರ ಬದಿಯಿಂದಲೇ ಹೊಳೆಯ ಹಾಗೆ ದಡದಿಂದ ದೂರ ಕಡಲಿಗೆ ಹರಿಯುತ್ತದೆ. ಅಲೆ ಒಡೆಯದೆ ಶಾಂತವಾಗಿ ಕಾಣುವ ಪಟ್ಟಿಯೇ ಅಪಾಯದ್ದು. ಸಿಕ್ಕಿಹಾಕಿಕೊಂಡರೆ ದಡದ ಕಡೆ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಅದೂ ಆಗದಿದ್ದರೆ ತೇಲುತ್ತ ಕೈ ಎತ್ತಿ ಕರೆಯಿರಿ. ಅದೇ ಗೋಡೆಗೆ ಪೇರಿಸಿದ ನಾಲ್ಕು ಕಾಲಿನ ಕಾಂಕ್ರೀಟ್ ಬ್ಲಾಕ್‌ಗಳ ಮೇಲೆ ಸೆಲ್ಫಿಗೆ ಹತ್ತುವವರನ್ನು ನೋಡಿದರೆ ನನಗೆ ಈಗಲೂ ಹೊಟ್ಟೆಯಲ್ಲಿ ಕಲಸುತ್ತದೆ, ಪಾಚಿಗೆ ಕಾಲು ಜಾರಿದರೆ ಸಂದಿಗೆ ಬಿದ್ದವರನ್ನು ಮೇಲೆತ್ತುವುದು ತುಂಬಾ ಕಷ್ಟ.

ಕತ್ತಲಾದ ಮೇಲೆ ರೂಮಿಗೆ ಹೋಗಬೇಡಿ, ಮಕ್ಕಳ ಜೊತೆ ನೀರಿನ ಕಡೆ ಮುಖ ಮಾಡಿ ಕೂತುಕೊಳ್ಳಿ. ದೀಪಸ್ತಂಭದ ಒಂದು ಮಿಂಚಿಗೂ ಇನ್ನೊಂದಕ್ಕೂ ಎಷ್ಟು ಸೆಕೆಂಡ್ ಎಂದು ಎಣಿಸಲು ಹೇಳಿ. ಹತ್ತಿರದ ದೀಪಸ್ತಂಭಗಳ ಮಿಂಚು ಒಂದೇ ಥರ ಇರದ ಹಾಗೆ ನೋಡಿಕೊಂಡಿರುತ್ತಾರೆ, ನಾವಿಕರು ಅದನ್ನು ಎಣಿಸಿಯೇ ತಾವು ಎಲ್ಲಿದ್ದೇವೆ ಎಂದು ತಿಳಿಯುತ್ತಿದ್ದರು. ಇನ್ನು ಹಡಗುಗಳು. ಹಡಗಿನ ಎಡಬದಿಗೆ ಕೆಂಪು ದೀಪ, ಬಲಬದಿಗೆ ಹಸಿರು. ಬರೀ ಕೆಂಪು ಕಂಡರೆ ಅದು ನಿಮ್ಮ ಎಡಗಡೆಗೆ ಹೋಗುತ್ತಿದೆ, ಬರೀ ಹಸಿರಾದರೆ ಬಲಗಡೆಗೆ. ಎರಡೂ ಒಟ್ಟಿಗೆ ಕಂಡವೋ, ನೇರ ನಿಮ್ಮ ಕಡೆಗೇ ಬರುತ್ತಿದೆ. ಮೊದಲು ಯಾರು ಕಂಡುಹಿಡಿಯುತ್ತಾರೆ ಎಂದು ಪಂದ್ಯ ಕಟ್ಟಿ ನೋಡಿ, ಮಲಗಲು ಎಬ್ಬಿಸಿಕೊಂಡು ಹೋಗುವುದೇ ಕಷ್ಟವಾಗುತ್ತದೆ.