ಮನಸ್ಸು ಓಡಿದರೆ ಧ್ಯಾನ ಕೆಟ್ಟಿತು ಅಂದುಕೊಳ್ಳಬೇಡಿ

ಧ್ಯಾನ ಶುರುಮಾಡಿ ಬಿಟ್ಟವರನ್ನು ಯಾಕೆ ಬಿಟ್ಟಿರಿ ಅಂತ ಕೇಳಿ ನೋಡಿ. ಹೆಚ್ಚಿನವರ ಉತ್ತರ ಒಂದೇ: "ನನ್ನ ಮನಸ್ಸು ನಿಲ್ಲೋದೇ ಇಲ್ಲ." ಕಣ್ಣು ಮುಚ್ಚಿದ ಕೂಡಲೇ ನಿನ್ನೆ ಯಾರೋ ಆಡಿದ ಮಾತು, ನಾಳೆ ಕಟ್ಟಬೇಕಾದ ಸಾಲದ ಕಂತು, ಯಾವತ್ತೋ ಆದ ಅವಮಾನ, ಎಲ್ಲ ಒಂದರ ಹಿಂದೆ ಒಂದು ಬಂದು ನಿಲ್ಲುತ್ತವೆ. ಸ್ವಲ್ಪ ಹೊತ್ತು ಒದ್ದಾಡಿ ಎದ್ದುಬಿಡುತ್ತಾರೆ. ಏಳುವಾಗ ಇನ್ನೊಂದು ಭಾರವೂ ಸೇರಿಕೊಂಡಿರುತ್ತದೆ, ಸುಮ್ಮನೆ ಕೂರುವ ಕೆಲಸವೂ ನನ್ನ ಕೈಲಾಗಲಿಲ್ಲ ಅನ್ನೋದು. ನೆಮ್ಮದಿ ಬೇಕು ಅಂತ ಕೂತವರು ತಮ್ಮನ್ನು ತಾವೇ ಬೈದುಕೊಂಡು ಏಳುವುದನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಯಾಕೆಂದರೆ ಅವರು ಸೋತಿರುವುದೇ ಇಲ್ಲ.

ಸುಮ್ಮನೆ ಕೂತಾಗ ಮೆದುಳು ಸುಮ್ಮನಿರುವುದಿಲ್ಲ. ನಮ್ಮ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇ 2. ಆದರೆ ವಿಶ್ರಾಂತಿಯಲ್ಲಿ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ಕಷ್ಟದ ಲೆಕ್ಕ ಬಿಡಿಸಲು ಕೂತರೂ ಈ ಖರ್ಚು ಹೆಚ್ಚೇನೂ ಏರುವುದಿಲ್ಲ. ಅಂದರೆ ಏನೂ ಮಾಡದೆ ಇದ್ದಾಗಲೂ ಒಳಗೆ ಕೆಲಸ ಜೋರಾಗಿಯೇ ನಡೆಯುತ್ತಿರುತ್ತದೆ. ಅಮೆರಿಕದ ಮಾರ್ಕಸ್ ರೇಕಲ್ ಎಂಬ ನರವಿಜ್ಞಾನಿ ಮತ್ತು ಸಂಗಡಿಗರು 2001ರಲ್ಲಿ ಇದನ್ನು 'ಡೀಫಾಲ್ಟ್ ಮೋಡ್' ಅಂತ ಕರೆದರು. ಹಣೆಯ ಹಿಂದೆ ನಡುಭಾಗದಲ್ಲಿರುವ ಒಂದು ಪ್ರದೇಶ, ಮೆದುಳಿನ ಹಿಂಭಾಗದ ಒಳಗಿರುವ ಇನ್ನೊಂದು, ಹೀಗೆ ಕೆಲವು ಜಾಗಗಳು ಒಂದು ಜಾಲವಾಗಿ ಕೆಲಸ ಮಾಡುತ್ತವೆ. ಹೊರಗಿನ ಕೆಲಸ ಮುಗಿದ ತಕ್ಷಣ ಈ ಜಾಲ ಚುರುಕಾಗುತ್ತದೆ. ಹಳೆಯದನ್ನು ನೆನೆಯುವುದು, ಮುಂದಿನದನ್ನು ಊಹಿಸುವುದು, ಬೇರೆಯವರು ನಮ್ಮ ಬಗ್ಗೆ ಏನಂದುಕೊಂಡಿರಬಹುದು ಅಂತ ಯೋಚಿಸುವುದು, ಇದೆಲ್ಲದರಲ್ಲೂ ಅದರ ಕೈ ಇದೆ. ಒಟ್ಟಿನಲ್ಲಿ 'ನಾನು' ಅನ್ನುವ ಕಥೆಯನ್ನು ಅದು ಹೆಣೆಯುತ್ತಲೇ ಇರುತ್ತದೆ. ಯೋಜನೆ ಹಾಕಲು, ಅನುಭವದಿಂದ ಕಲಿಯಲು ನಮಗೆ ಇದು ಬೇಕೇ ಬೇಕು.

ತೊಂದರೆ ಏನೆಂದರೆ ಈ ಕಥೆ ಎಷ್ಟೋ ಸಲ ನಮ್ಮನ್ನು ಸುಖವಾಗಿ ಇಡುವುದಿಲ್ಲ. 2010ರಲ್ಲಿ ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಒಂದು ಫೋನ್ ಆ್ಯಪ್ ಮೂಲಕ 2,250 ಜನರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಕೇಳಿದರು: ಈಗ ಏನು ಮಾಡ್ತಿದ್ದೀರಿ, ಮನಸ್ಸು ಅಲ್ಲೇ ಇದೆಯಾ, ಹೇಗನ್ನಿಸ್ತಿದೆ? ಶೇ 46.9ರಷ್ಟು ಸಲ ಮನಸ್ಸು ಮಾಡುತ್ತಿದ್ದ ಕೆಲಸ ಬಿಟ್ಟು ಬೇರೆಲ್ಲೋ ಇತ್ತು. ಹಾಗೆ ಅಲೆಯುತ್ತಿದ್ದಾಗ ಜನ ಕಡಿಮೆ ಖುಷಿಯಲ್ಲಿದ್ದರು. ನೀವು ಧ್ಯಾನಕ್ಕೆ ಕೂತಾಗ ಮನಸ್ಸು ಓಡುವುದಕ್ಕೆ ನಿಮ್ಮೊಬ್ಬರ ಸ್ವಭಾವ ಕಾರಣ ಅಲ್ಲ ಅನ್ನಲು ಇದಕ್ಕಿಂತ ಜಾಸ್ತಿ ಸಾಕ್ಷಿ ಬೇಕಾ? ಎಚ್ಚರವಿರುವ ಹೊತ್ತಿನ ಹೆಚ್ಚುಕಡಿಮೆ ಅರ್ಧದಷ್ಟು ಎಲ್ಲರ ಮನಸ್ಸೂ ಹೀಗೇ ಓಡುತ್ತಿರುತ್ತದೆ. ಬೇರೆ ಹೊತ್ತಿನಲ್ಲಿ ಅದು ನಮ್ಮ ಗಮನಕ್ಕೆ ಬರುವುದಿಲ್ಲ, ಕೂತಾಗ ಬರುತ್ತದೆ, ಅಷ್ಟೇ.

ಹಾಗಾದರೆ ಧ್ಯಾನದಲ್ಲಿ ನಿಜವಾಗಿ ನಡೆಯುವುದೇನು? ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗ ಇದೆ. ಎಮರಿ ವಿಶ್ವವಿದ್ಯಾಲಯದ ವೆಂಡಿ ಹಾಸೆನ್‌ಕ್ಯಾಂಪ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ್ದು. ಧ್ಯಾನದ ಅಭ್ಯಾಸವಿದ್ದ 14 ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಉಸಿರಿನ ಮೇಲೆ ಗಮನ ಇಡಲು ಹೇಳಿದರು. ಮನಸ್ಸು ಬೇರೆಲ್ಲೋ ಹೋಗಿತ್ತು ಅಂತ ಅರಿವಾದ ಕ್ಷಣವೇ ಒಂದು ಗುಂಡಿ ಒತ್ತಬೇಕು, ಮತ್ತೆ ಉಸಿರಿಗೆ ಬರಬೇಕು. ಅಭ್ಯಾಸ ಇದ್ದವರೂ ಗುಂಡಿ ಒತ್ತುತ್ತಲೇ ಇದ್ದರು, ಗಮನಿಸಿ. ಆ ಗುಂಡಿಯ ಹಿಂದುಮುಂದಿನ ಕ್ಷಣಗಳಲ್ಲಿ ನಾಲ್ಕು ಹಂತ ಕಂಡವು. ಅಲೆಯುವಾಗ ಡೀಫಾಲ್ಟ್ ಜಾಲ. ಅರಿವಾದ ಕ್ಷಣದಲ್ಲಿ, ಯಾವುದು ಮುಖ್ಯ ಅಂತ ಎಚ್ಚರಿಸುವ ಇನ್ನೊಂದು ಜಾಲ. ಗಮನವನ್ನು ವಾಪಸ್ ತರುವಾಗ, ಬೇಕೆಂದೇ ಗಮನವನ್ನು ತಿರುಗಿಸುವ ಮೂರನೆಯದು. ಆಮೇಲೆ ಸ್ವಲ್ಪ ಹೊತ್ತು ನೆಲೆ ನಿಲ್ಲುವುದು. ಮತ್ತೆ ಅಲೆತ. ಈ ಸುತ್ತೇ ಧ್ಯಾನ. ಮನಸ್ಸು ಓಡದೇ ಇದ್ದರೆ 'ಓ, ಓಡಿತ್ತು' ಅಂತ ತಿಳಿಯುವ ಶಕ್ತಿಗೆ ಅಭ್ಯಾಸವೇ ಸಿಗುವುದಿಲ್ಲ. ಹತ್ತು ನಿಮಿಷದಲ್ಲಿ ಮೂವತ್ತು ಸಲ ಮನಸ್ಸು ಜಾರಿ ಮೂವತ್ತು ಸಲ ವಾಪಸ್ ಬಂದರೆ ಅಷ್ಟೂ ಸಲ ಆ ಶಕ್ತಿಗೆ ಕೆಲಸ ಸಿಕ್ಕಿತು ಅಂತ ಲೆಕ್ಕ.

ಯೋಚನೆಯನ್ನು ತಡೆದೇ ತೀರುತ್ತೇನೆ ಅಂತ ಹಟ ಹಿಡಿದರೆ ಏನಾಗುತ್ತದೆ ಅನ್ನೋದೂ ಗೊತ್ತಿದೆ. ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು 1987ರಲ್ಲಿ ವಿದ್ಯಾರ್ಥಿಗಳಿಗೆ ಹೇಳಿದ್ದು ಇಷ್ಟೇ: ಐದು ನಿಮಿಷ ಏನು ಬೇಕಾದರೂ ಯೋಚಿಸಿ, ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ 'ಈಗ ಬೇಕಾದರೆ ನೆನೆಯಬಹುದು' ಅಂದಾಗ, ತಡೆದು ಕೂತಿದ್ದವರಿಗೆ ಕರಡಿ ಮೊದಲಿನಿಂದಲೂ ಅದನ್ನೇ ಯೋಚಿಸಲು ಹೇಳಿಸಿಕೊಂಡವರಿಗಿಂತ ಹೆಚ್ಚು ಸಲ ನೆನಪಾಯಿತು. ಒಂದು ಯೋಚನೆ ಬರಬಾರದು ಅಂದರೆ ಬಂದಿದೆಯಾ ಅಂತ ಒಳಗಿನಿಂದ ಯಾರೋ ಪದೇ ಪದೇ ನೋಡುತ್ತಿರಬೇಕಲ್ವಾ? ಆ ನೋಡುವಿಕೆಯೇ ಅದನ್ನು ಎಳೆದು ತರುತ್ತದೆ. 'ಮನಸ್ಸನ್ನು ಖಾಲಿ ಮಾಡಿಕೊಳ್ಳಿ' ಅನ್ನುವ ಸಲಹೆಯನ್ನು ಹೊಸಬರಿಗೆ ಕೊಡಲೇಬಾರದು ಅನ್ನುವುದು ಇದಕ್ಕೇ.

ಇನ್ನು ವಾಪಸ್ ಬರುವ ಬಗೆ. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇರುವುದು ಇಲ್ಲೇ. ಮನಸ್ಸು ಓಡಿದ್ದು ಗೊತ್ತಾಯಿತು. ಆ ಕ್ಷಣ ನಿಮ್ಮೊಳಗೆ ಏಳುವ ದನಿ ಎಂಥದ್ದು? 'ಛೇ, ಮತ್ತೆ ಹಾಳುಮಾಡಿದೆ' ಅನ್ನುವುದಾ, ಅಥವಾ 'ಸರಿ, ಬಾ' ಅನ್ನುವುದಾ? ಮೊದಲಿನದಾದರೆ ಹತ್ತು ನಿಮಿಷದಲ್ಲಿ ಮೂವತ್ತು ಸಲ ನಿಮ್ಮನ್ನು ನೀವೇ ಬೈದುಕೊಂಡ ಹಾಗಾಯಿತು. ಅಷ್ಟು ಬೈಗುಳದಿಂದ ಶಾಂತಿ ಎಲ್ಲಿಂದ ಬರಬೇಕು? 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಅವರು ಹಳೆಯ ನೋವಿನಿಂದ ನರಳುವವರಿಗಾಗಿ ಶುರುಮಾಡಿದ, ಆಮೇಲೆ ಎಂಟು ವಾರಗಳ ಕೋರ್ಸ್ ಆಗಿ ಜಗತ್ತಿನ ಎಷ್ಟೋ ಆಸ್ಪತ್ರೆಗಳಿಗೆ ಹಬ್ಬಿದ ಮೈಂಡ್‌ಫುಲ್‌ನೆಸ್ ಕ್ರಮದಲ್ಲಿ ಈ ಮಾತಿಗೆ ದೊಡ್ಡ ಜಾಗವಿದೆ: ಈಗ ಏನಿದೆಯೋ ಅದನ್ನು ಗಮನಿಸಿ, ಸರಿ ತಪ್ಪು ಅಂತ ತೀರ್ಪು ಕೊಡಬೇಡಿ. ಇದರಲ್ಲಿ ಗಮನಿಸುವ ಅರ್ಧಭಾಗ ಜನರಿಗೆ ಬೇಗ ಹಿಡಿಸುತ್ತದೆ. ತೀರ್ಪು ಬಿಡುವ ಅರ್ಧ ಹಿಡಿಸಲು ತುಂಬಾ ಹೊತ್ತು ಬೇಕು.

ಹೀಗಂದಾಗ ಎಷ್ಟೋ ಜನಕ್ಕೆ ಒಂದು ಭಯ. ನನ್ನನ್ನು ನಾನು ಒಪ್ಪಿಕೊಂಡುಬಿಟ್ಟರೆ ಸೋಮಾರಿ ಆಗಿಬಿಡ್ತೀನಿ, ಬೈದುಕೊಂಡರೇ ಮುಂದೆ ಹೋಗೋಕೆ ಆಗೋದು ಅಂತ. 2012ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ ಇದನ್ನೇ ಪರೀಕ್ಷಿಸಿದರು. ವಿದ್ಯಾರ್ಥಿಗಳಿಗೆ ತುಂಬಾ ಕಷ್ಟದ ಪದಪರೀಕ್ಷೆ ಕೊಟ್ಟರು. ಒಂದು ಗುಂಪಿಗೆ, ಇಂಥ ಪರೀಕ್ಷೆ ಕಷ್ಟ ಆಗೋದು ಸಾಮಾನ್ಯ, ನಿಮ್ಮ ಮೇಲೆ ನೀವೇ ಕಠಿಣವಾಗಬೇಡಿ ಅಂದರು. ಇನ್ನೊಂದಕ್ಕೆ, ಇಲ್ಲಿ ಸೀಟು ಸಿಕ್ಕಿದೆ ಅಂದರೆ ನೀವು ಬುದ್ಧಿವಂತರೇ ಅಂತ ಹೊಗಳಿದರು. ಮೂರನೆಯದಕ್ಕೆ ಏನೂ ಹೇಳಲಿಲ್ಲ. ಆಮೇಲೆ ಮುಂದಿನ ಪರೀಕ್ಷೆಗೆ ಓದಲು ಬಿಟ್ಟರೆ ಜಾಸ್ತಿ ಹೊತ್ತು ಓದಿದವರು ಮೊದಲನೆಯ ಗುಂಪಿನವರು. ಸೋಲನ್ನು ನೇರವಾಗಿ ನೋಡುವ ಧೈರ್ಯ ಅವರಿಗಿತ್ತು, ಏಕೆಂದರೆ ನೋಡಿದರೆ ಏಟು ಬೀಳುವುದಿಲ್ಲ ಅಂತ ಗೊತ್ತಿತ್ತು, ನಾನು ಅರ್ಥಮಾಡಿಕೊಂಡಿರುವುದು ಹೀಗೆ. ಒಪ್ಪಿಕೊಳ್ಳುವುದು ಅಂದರೆ ಈಗ ಹೀಗಿದೆ ಅಂತ ಸುಳ್ಳಿಲ್ಲದೆ ನೋಡುವುದು. ಬದಲಾಯಿಸುವ ಕೆಲಸ ಆಮೇಲೂ ಇದ್ದೇ ಇರುತ್ತದೆ. ಒಳಗೆ ದನಿ ತೀರಾ ಕಟುವಾದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದೇ ತಪ್ಪು ನನ್ನ ಆಪ್ತ ಗೆಳೆಯ ಮಾಡಿದ್ದರೆ ನಾನು ಏನು ಹೇಳುತ್ತಿದ್ದೆ? ಆ ಮಾತನ್ನು ಅದೇ ದನಿಯಲ್ಲಿ ನಿಮಗೂ ಹೇಳಿಕೊಳ್ಳಿ.

ಇದೆಲ್ಲ ಬರೀ ಸಮಾಧಾನದ ಮಾತಲ್ಲ, ಮೈ ಮೇಲಿನ ನೋವಿಗೂ ಅನ್ವಯಿಸುತ್ತದೆ. 2011ರಲ್ಲಿ ಫಾದೆಲ್ ಜೈದಾನ್ ಮತ್ತು ಸಂಗಡಿಗರು ಧ್ಯಾನ ಗೊತ್ತಿಲ್ಲದ 15 ಜನರಿಗೆ ನಾಲ್ಕು ದಿನ, ದಿನಕ್ಕೆ 20 ನಿಮಿಷ ಕಲಿಸಿ, ಕಾಲಿಗೆ 49 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿಸಿದರು. ಧ್ಯಾನ ಮಾಡುತ್ತಾ ಇದ್ದಾಗ ನೋವಿನ ತೀವ್ರತೆ ಶೇ 40ರಷ್ಟು ಕಡಿಮೆ ಅನ್ನಿಸಿತು. ಆ ನೋವು ತರುವ ಸಂಕಟ ಶೇ 57ರಷ್ಟು ಇಳಿಯಿತು. ತುಂಬಾ ಚಿಕ್ಕ ಪ್ರಯೋಗ, ಒಪ್ಪುತ್ತೇನೆ. ಆದರೆ ನೋವು ಬೇರೆ, ನೋವಿನ ಜೊತೆಗಿನ ನಮ್ಮ ಜಗಳ ಬೇರೆ, ಎರಡನೆಯದು ಹೆಚ್ಚು ಇಳಿಯಿತು ಅನ್ನುವುದು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ.

ಉಸಿರನ್ನೇ ಯಾಕೆ ಹಿಡಿಯುತ್ತಾರೆ ಅಂದರೆ ಅದು ಯಾವಾಗಲೂ ಜೊತೆಗಿರುತ್ತದೆ, ಜೊತೆಗೆ ಅದಕ್ಕೂ ಹೃದಯಕ್ಕೂ ನೇರ ನಂಟಿದೆ. ಉಸಿರು ಒಳಗೆ ಎಳೆದಾಗ ಹೃದಯದ ಬಡಿತ ಕೊಂಚ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಇದನ್ನು ಮಾಡಿಸುವುದು ಮೆದುಳಿನ ಬುಡದಿಂದ ಎದೆ, ಹೊಟ್ಟೆವರೆಗೆ ಇಳಿಯುವ ವೇಗಸ್ ನರ. ನಿಮಿಷಕ್ಕೆ ಆರರಷ್ಟು ನಿಧಾನಕ್ಕೆ ಉಸಿರಾಡಿದರೆ ಈ ಏರಿಳಿತ ದೊಡ್ಡದಾಗುತ್ತದೆ. ಆದರೆ ಧ್ಯಾನದಲ್ಲಿ ಉಸಿರನ್ನು ತಿದ್ದಲೇಬೇಕು ಅಂತಿಲ್ಲ, ಹೇಗಿದೆಯೋ ಹಾಗೆ ಗಮನಿಸಿದರೆ ಸಾಕು.

ಈಗ ಪ್ರಚಾರ ಎಷ್ಟು, ನಿಜ ಎಷ್ಟು ಅಂತಲೂ ನೋಡೋಣ. 2014ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಸಂಶೋಧಕರು 47 ಪ್ರಯೋಗಗಳನ್ನು, ಒಟ್ಟು 3,515 ಜನರ ವಿವರವನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಆತಂಕ, ಖಿನ್ನತೆ, ನೋವು, ಈ ಮೂರರಲ್ಲೂ ಸಾಧಾರಣ ಮಟ್ಟದ ಉಪಯೋಗ ಕಂಡಿತು. ಔಷಧ ಅಥವಾ ವ್ಯಾಯಾಮಕ್ಕಿಂತ ಧ್ಯಾನ ಮೇಲು ಅನ್ನಲು ಆಧಾರ ಸಿಗಲಿಲ್ಲ. ಖಿನ್ನತೆಗೆ ಮತ್ತೆ ಮತ್ತೆ ಒಳಗಾಗಿ ಚೇತರಿಸಿಕೊಂಡವರ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮೂರು ಅಥವಾ ಹೆಚ್ಚು ಸಲ ಅದು ಬಂದಿದ್ದವರ ಪೈಕಿ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 66 ಜನಕ್ಕೆ ಅದು ಮರಳಿ ಬಂದರೆ, ಮೈಂಡ್‌ಫುಲ್‌ನೆಸ್ ಕಲಿತವರಲ್ಲಿ ಶೇ 37 ಜನಕ್ಕೆ ಬಂತು. ಎರಡೇ ಸಲ ಬಂದವರಿಗೆ ಆ ಉಪಯೋಗ ಕಾಣಲಿಲ್ಲ. ಬ್ರಿಟನ್ನಿನ ಶಾಲೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2022ರಲ್ಲಿ ಫಲಿತಾಂಶ ಹೊರಬಂದ ದೊಡ್ಡ ಪ್ರಯೋಗದಲ್ಲಂತೂ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭವೇ ಕಾಣಲಿಲ್ಲ. ಎಂಟು ವಾರದಲ್ಲಿ ಮೆದುಳಿನ ಆಕಾರವೇ ಬದಲಾಗುತ್ತದೆ ಅಂತ ಒಂದು ಕಾಲಕ್ಕೆ ಎಲ್ಲರೂ ಹೇಳುತ್ತಿದ್ದರಲ್ಲ, 2022ರಲ್ಲಿ ವಿಸ್ಕಾನ್ಸಿನ್‌ನ ತಂಡ ಹೆಚ್ಚು ಜನರನ್ನಿಟ್ಟುಕೊಂಡು ನೋಡಿದಾಗ ಅಂಥ ಬದಲಾವಣೆ ಸಿಗಲಿಲ್ಲ. ಇದರಿಂದ ನನಗೇನೂ ನಿರಾಸೆಯಾಗಿಲ್ಲ. ಕೂತು ಎದ್ದವರಿಗೆ ಸಿಡುಕು ಕಡಿಮೆಯಾದರೆ, ರಾತ್ರಿ ಅದೇ ಯೋಚನೆ ಸುತ್ತುವುದು ಸ್ವಲ್ಪ ತಗ್ಗಿದರೆ, ಮೆದುಳು ದಪ್ಪಗಾಗಲೇಬೇಕು ಅಂತ ಏನಿದೆ?

ಶುರುಮಾಡುವವರು ದಿನಕ್ಕೆ ಐದೋ ಹತ್ತೋ ನಿಮಿಷ ಇಟ್ಟುಕೊಳ್ಳಿ. ಕುರ್ಚಿಯ ಮೇಲೆ ಕೂತರೂ ಆಗುತ್ತದೆ, ಕಣ್ಣು ಅರ್ಧ ತೆರೆದಿದ್ದರೂ ಆಗುತ್ತದೆ. ಉಸಿರು ಎಲ್ಲಿ ಚೆನ್ನಾಗಿ ತಿಳಿಯುತ್ತದೋ, ಮೂಗಿನ ತುದಿಯೋ ಹೊಟ್ಟೆಯೋ, ಅಲ್ಲಿ ಗಮನ ಇಡಿ. ಬಲವಾದ ಭಾವನೆ ಎದ್ದರೆ ಅದಕ್ಕೊಂದು ಹೆಸರು ಕೊಡಿ: ಇದು ಸಿಟ್ಟು, ಇದು ಹೆದರಿಕೆ. ಚಿತ್ರದಲ್ಲಿನ ಮುಖದ ಭಾವನೆಗೆ ಹೀಗೆ ಹೆಸರಿಟ್ಟಾಗ, ಬೆದರಿಕೆಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗುವುದು ಮ್ಯಾಥ್ಯೂ ಲೀಬರ್ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಡಿತ್ತು. ಬೈದುಕೊಂಡಿರಿ ಅಂತ ಗೊತ್ತಾದರೆ, ಬೈದುಕೊಂಡಿದ್ದಕ್ಕೆ ಮತ್ತೆ ಬೈದುಕೊಳ್ಳದೆ ಅದನ್ನೂ ಒಂದು ಯೋಚನೆ ಅಂತಲೇ ಎಣಿಸಿ.

ಒಂದು ಎಚ್ಚರಿಕೆ ಹೇಳಲೇಬೇಕು, ಇದನ್ನು ಹೇಳದೆ ಬಿಡುವವರೇ ಜಾಸ್ತಿ. ಕೆಲವರಿಗೆ ಕಣ್ಣು ಮುಚ್ಚಿ ಕೂತರೆ ಆತಂಕ ಏರುತ್ತದೆ, ಹಳೆಯ ಆಘಾತ ಮರುಕಳಿಸುತ್ತದೆ, ತನ್ನ ಮೈ ತನ್ನದಲ್ಲ ಅನ್ನಿಸುತ್ತದೆ. ಬ್ರೌನ್ ವಿಶ್ವವಿದ್ಯಾಲಯದ ವಿಲ್ಲೋಬಿ ಬ್ರಿಟನ್ ಮತ್ತು ಸಂಗಡಿಗರು ಇಂಥ ಅನುಭವಗಳನ್ನು ವರ್ಷಗಟ್ಟಲೆ ದಾಖಲಿಸಿದ್ದಾರೆ. ಹಾಗಾದರೆ ಹಲ್ಲು ಕಚ್ಚಿ ಕೂರಬೇಡಿ. ಕಣ್ಣು ತೆರೆಯಿರಿ, ಎದ್ದು ನಡೆಯಿರಿ, ನೆಲಕ್ಕೆ ತಾಗುವ ಪಾದದ ಕಡೆ ಗಮನ ಕೊಡಿ. ಮತ್ತೆ ಮತ್ತೆ ಆದರೆ ನಿಲ್ಲಿಸಿ ಮನೋವೈದ್ಯರನ್ನು ಕಾಣಿ. ದಿನಗಟ್ಟಲೆ ಮೌನವಾಗಿ ಕೂರುವ ಶಿಬಿರಗಳಿಗೆ ಹೋಗುವ ಮುಂಚೆ ನಿಮಗಿರುವ ಕಾಯಿಲೆಯನ್ನು ಕಲಿಸುವವರಿಗೆ ಮುಚ್ಚಿಡಬೇಡಿ. ಖಿನ್ನತೆಗೋ ಆತಂಕಕ್ಕೋ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಧ್ಯಾನ ಶುರುವಾಯಿತಲ್ಲ ಅಂತ ನೀವೇ ನಿಲ್ಲಿಸಿಬಿಡಬೇಡಿ. ಎರಡೂ ಜೊತೆಗೇ ನಡೆಯಬಹುದು, ಯಾವುದನ್ನು ಯಾವಾಗ ಕಡಿಮೆ ಮಾಡಬೇಕು ಅನ್ನುವುದನ್ನು ವೈದ್ಯರ ಜೊತೆ ಕೂತು ಮಾತಾಡಿ.