ಪದ ಪರಿಚಯ: ಪಾಪನಿವೇದನೆಯ ಗೋಪ್ಯ

ಕ್ರೈಸ್ತ ಸಸ್ಪೆನ್ಸ್ ಕಾದಂಬರಿಗಳಲ್ಲಿ ಅಪರಾಧಿ ಯಾರೆಂದು ಮೊದಲೇ ಗೊತ್ತಿದ್ದೂ ಬಾಯಿ ಬಿಡಲಾಗದ ಒಬ್ಬ ಗುರು (ಪಾದ್ರಿ) ಆಗಾಗ ಬರುತ್ತಾರೆ. ಅವರ ಬಾಯಿ ಕಟ್ಟುವುದು ಪಾಪನಿವೇದನೆಯ ಗೋಪ್ಯ. ಕಥೋಲಿಕರು ಗುರುಗಳ ಮುಂದೆ ಹೇಳಿಕೊಂಡ ಪಾಪವನ್ನು (ಹೀಗೆ ಹೇಳಿಕೊಳ್ಳುವುದಕ್ಕೆ ಮಲೆನಾಡಿನ ಕೊಂಕಣಿ ಮನೆಗಳಲ್ಲಿ ಕುಮ್ಸಾರ್ ಎನ್ನುತ್ತಾರೆ) ಅವರು ಮಾತಿನಲ್ಲಾಗಲಿ, ಸನ್ನೆಯಲ್ಲಾಗಲಿ ಹೊರಗೆಡಹುವಂತಿಲ್ಲ. 1215ರಲ್ಲಿ ರೋಮಿನಲ್ಲಿ ಸೇರಿದ ಧರ್ಮಸಭೆಯ ಮಹಾಸಭೆ, ನಾಲ್ಕನೇ ಲ್ಯಾಟರನ್ ಸಭೆಯೇ ಇದನ್ನು ವಿಧಿಸಿತ್ತು. ಕಥೋಲಿಕ ಸಭೆಯ ಕಾನೂನು ಪುಸ್ತಕವಾದ ಈಗಿನ ಧರ್ಮಸಭಾ ಸಂಹಿತೆಯಲ್ಲಿ ಇದು 983ನೇ ವಿಧಿ. ನೇರವಾಗಿ ಮುರಿದ ಗುರು ಆ ಕ್ಷಣವೇ ಧರ್ಮಸಭೆಯಿಂದ ಬಹಿಷ್ಕೃತ. ಅದನ್ನು ತೆರವು ಮಾಡುವ ಅಧಿಕಾರ ರೋಮಿನ ಪೋಪ್ ಪೀಠದ್ದು.

ತೀರ್ಥಹಳ್ಳಿ ಕಡೆಯ ಒಂದು ಅಡಕೆ ತೋಟದ ಮನೆ ಎಂದಿಟ್ಟುಕೊಳ್ಳಿ. ಅಪ್ಪ ಪ್ರಜ್ಞೆ ಇಲ್ಲದೆ ಮಲಗಿದ್ದಾಗ ಕಿರಿಮಗ ಉಯಿಲಿಗೆ ಅವರ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾನೆ. ತೋಟ ಕಳೆದುಕೊಂಡ ಅಣ್ಣ ಶಿವಮೊಗ್ಗದ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ತಮ್ಮ ಬಂದು ಪಾಪ ಹೇಳಿಕೊಂಡ ಮರುವಾರ ಅಣ್ಣ ಅದೇ ಗುರುಗಳನ್ನು ಹಿಡಿದು ಕೇಳುತ್ತಾನೆ: “ಫಾದರ್, ದಾವೆ ಹಾಕ್ಲಾ, ಬೇಡ್ವಾ?”

ಇಲ್ಲಿಯೇ ಹೆಚ್ಚಿನ ಬರಹಗಾರರು ಎಡವುವುದು. ಗುರುಗಳು ಅರ್ಥಗರ್ಭಿತವಾಗಿ ನಿಟ್ಟುಸಿರು ಬಿಡುತ್ತಾರೆ, ಅಣ್ಣನಿಗೆ ಸುಳಿವು ಸಿಗುತ್ತದೆ, ಕತೆ ಮುಂದೆ ಹೋಗುತ್ತದೆ. ಆ ನಿಟ್ಟುಸಿರೂ ಗೋಪ್ಯಭಂಗವೇ. ಗುಟ್ಟು ಬಯಲಾಗದಿದ್ದರೂ, ಹೇಳಿಕೊಂಡವನಿಗೆ ತೊಂದರೆಯಾಗುವಂತೆ ಆ ತಿಳಿವಳಿಕೆಯನ್ನು ಬಳಸಬಾರದು ಎನ್ನುತ್ತದೆ 984ನೇ ವಿಧಿ. ಏನೂ ಕೇಳಿರದಿದ್ದರೆ ಯಾವ ಸಲಹೆ ಕೊಡುತ್ತಿದ್ದರೋ ಅದನ್ನೇ ಕೊಡಬೇಕು. ತಮ್ಮನನ್ನು ಹೊರಗೆ ಕಂಡಾಗ, ಅವನ ಒಪ್ಪಿಗೆ ಇಲ್ಲದೆ, ‘ಆ ವಿಷಯ ಏನಾಯ್ತು?’ ಎಂದೂ ಕೇಳುವಂತಿಲ್ಲ. ಆದರೆ ಅವನು ಜಗುಲಿಯಲ್ಲಿ ಕಾಫಿ ಕುಡಿಯುತ್ತ ಸುಮ್ಮನೆ ಹೇಳಿಕೊಂಡಿದ್ದರೆ ಅದು ಪಾಪನಿವೇದನೆಯಲ್ಲ. ನಂಬಿ ಹೇಳಿಕೊಂಡ ಮಾತು ಅಷ್ಟೆ, ಅದಕ್ಕೆ ಈ ವಿಧಿ ಅನ್ವಯಿಸದು.

ಹೆಚ್ಚು ಜನ ಬಳಸದ ಎಳೆ ಇನ್ನೊಂದಿದೆ. ಆಷಾಢದ ಮಳೆ ಹಂಚಿನ ಮೇಲೆ ಹೊಡೆಯುವಾಗ ಪಾಪ ಹೇಳಿಕೊಳ್ಳುವವರಿಗೂ ಗುರುಗಳಿಗೂ ನಡುವಿನ ಜಾಲರಿಯ ಆಚೆಗೆ ಪಿಸುಮಾತು ತಲುಪುವುದಿಲ್ಲ, ದನಿ ಏರಿಸಲೇಬೇಕು. ಸರದಿಯಲ್ಲಿ ಮುಂದೆ ಕೂತ ಅತ್ತಿಗೆಯ ಕಿವಿಗೆ ಅದು ಬಿದ್ದರೆ? ಹಾಗೆ ಕೇಳಿಸಿಕೊಂಡವರೂ ಗುಟ್ಟು ಕಾಯಲು ಬದ್ಧರು. ಗಂಡನ ಪಾಲಿನ ತೋಟ ಹೇಗೆ ಹೋಯಿತೆಂದು ಅವಳಿಗೀಗ ಗೊತ್ತು, ಹೇಳುವಂತಿಲ್ಲ. ನನ್ನ ಮಟ್ಟಿಗೆ ಪೊಲೀಸ್ ತನಿಖೆಗಿಂತ ಬಿಗಿಯಾದ ಸಸ್ಪೆನ್ಸ್ ಇದು.

ಹಾಗಾದರೆ ಗುರುಗಳ ಕೈಯಲ್ಲಿ ಏನೂ ಇಲ್ಲವೇ? ಇದೆ. ಪಶ್ಚಾತ್ತಾಪ, ನಿವೇದನೆ, ಪ್ರಾಯಶ್ಚಿತ್ತ ಮೂರೂ ಪಾಪಿಯ ಪಾಲಿನ ಕೆಲಸ. ಕದ್ದದ್ದನ್ನು ಹಿಂದಿರುಗಿಸುವ ಮನಸ್ಸೇ ಇಲ್ಲದವನಿಗೆ ಪಾಪಕ್ಷಮೆ ನಿರಾಕರಿಸಬಹುದು. ನಿರಾಕರಿಸಿದರೂ ಗೋಪ್ಯ ಮಾತ್ರ ಹಾಗೇ ಉಳಿಯುತ್ತದೆ. ಬೈಬಲಿನ ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿ, ಸುಂಕದವನಾದ ಜಕ್ಕಾಯ ಬರಿ ಕಣ್ಣೀರು ಹಾಕಲಿಲ್ಲ. ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆಂದ. ಕೊನೆಯ ಅಧ್ಯಾಯದಲ್ಲಿ ತಮ್ಮ ಅತ್ತು, ಅಣ್ಣ ತಬ್ಬಿ, ತೋಟ ಮಾತ್ರ ತಮ್ಮನ ಹೆಸರಲ್ಲೇ ಉಳಿದರೆ ಓದುಗ ಒಪ್ಪುವುದಿಲ್ಲ. ಅವನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಪತ್ರ ನೋಂದಾಯಿಸಿ, ಪಹಣಿಯಲ್ಲಿ ಅಣ್ಣನ ಹೆಸರು ಏರಿಸಬೇಕು. ಕಾರಣ ಹೇಳುವುದೂ ಬಿಡುವುದೂ ಅವನಿಷ್ಟ, ಏಕೆಂದರೆ ಗೋಪ್ಯ ಕಟ್ಟಿಹಾಕುವುದು ಕೇಳಿದವರನ್ನು, ಹೇಳಿಕೊಂಡವನನ್ನಲ್ಲ.

ಪ್ರಾಟೆಸ್ಟಂಟ್ ಹಿನ್ನೆಲೆಯ ಕತೆಗೆ ಇದನ್ನು ಹಾಗೇ ತಂದು ಕೂರಿಸಬೇಡಿ. ಅಲ್ಲಿ ಬಹುಪಾಲು ಸಭೆಗಳಲ್ಲಿ ಪಾಪವನ್ನು ನೇರ ದೇವರಿಗೇ ಅರಿಕೆ ಮಾಡುತ್ತಾರೆ. ಪಾಸ್ಟರ್ ಗುಟ್ಟು ಕಾಯುವುದು ವೃತ್ತಿಧರ್ಮದಿಂದ, ಹಾಗಾಗಿ ಅವರ ತೊಳಲಾಟದ ಬಗೆಯೇ ಬೇರೆ.