ನ್ಯೂಟ್ ತರುವ ಮೊದಲು ಥರ್ಮಾಮೀಟರ್ ತನ್ನಿ

ಹಲ್ಲಿಯಂತೆ ಕಾಣುವ, ನೀರಲ್ಲಿ ಬಾಳುವ ನ್ಯೂಟ್ ಎಂಬ ಪ್ರಾಣಿಯನ್ನು ಸಾಕಲು ಹೊರಟವರು ಮೊದಲು ಹೊಟ್ಟೆಯ ಬಣ್ಣ ನೋಡುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ. ಮುಂಬೈ, ಪುಣೆ, ಗೋವಾದಲ್ಲಿ ಇರುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ತಮ್ಮ ಮನೆಯ ನೀರಿನ ಉಷ್ಣತೆ: ನ್ಯೂಟ್ ತಂಪು ನೀರಿನ ಜೀವ.

ಮನೆಯಲ್ಲಿ ನ್ಯೂಟನ್ನು ಹಲ್ಲಿಯ ಲೆಕ್ಕಕ್ಕೆ ಸೇರಿಸಿ ಶಕುನ ಹುಡುಕುವವರಿದ್ದರೆ ಕಿವಿಗೊಡಬೇಡಿ. ಹುರುಪೆಯಾಗಲಿ ಉಗುರಾಗಲಿ ಇಲ್ಲದ ನ್ಯೂಟ್ ಕಪ್ಪೆಯಂತೆ ಉಭಯವಾಸಿ. ಅದು ವಿಷದ ಪ್ರಾಣಿ ಎಂಬ ಮಾತಿನಲ್ಲಿ ಮಾತ್ರ ಹುರುಳಿದೆ: ಕೆಂಪು ಹೊಟ್ಟೆಯ ಜಪಾನಿ ನ್ಯೂಟ್‌ನ ಚರ್ಮದಲ್ಲಿ ಪಫರ್ ಮೀನಿನಲ್ಲಿರುವ ಟೆಟ್ರೊಡೊಟಾಕ್ಸಿನ್ ಎಂಬ ವಿಷವೇ ಇರುತ್ತದೆ. ಮುಟ್ಟಿದರೆ ಅಪಾಯವಿಲ್ಲ, ಆದರೆ ಕೈ ತೊಳೆಯದೆ ಕಣ್ಣು, ಬಾಯಿ ಮುಟ್ಟಬಾರದು.

‘ಕಾಲು ಹೋದರೂ ಬೆಳೆಸಿಕೊಳ್ಳುವ ಪ್ರಾಣಿ, ಸೆಕೆ ತಾಳದೇ?’ ಎಂಬ ವಾದವೂ ಇದೆ. ಕಾಲು ಮತ್ತೆ ಬೆಳೆಯುವುದನ್ನು ಇಟಲಿಯ ವಿಜ್ಞಾನಿ ಸ್ಪಲಾಂಜಾನಿ 1768ರಲ್ಲೇ ಬರೆದಿಟ್ಟ. ಜಪಾನಿ ನ್ಯೂಟ್‌ಗಳ ಕಣ್ಣಿನ ಮಸೂರವನ್ನು 16 ವರ್ಷಗಳಲ್ಲಿ 18 ಸಲ ತೆಗೆದರೂ ಪ್ರತಿಸಲ ಹೊಸದು ಬೆಳೆದದ್ದು 2011ರಲ್ಲಿ ಪ್ರಕಟವಾಯಿತು. ಸೆಕೆಯ ಲೆಕ್ಕವೇ ಬೇರೆ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿದರೆ, 30ರಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಅದೇ ಏರಿಕೆಗೆ ದೇಹ ಬೇಡುವ ಆಮ್ಲಜನಕವೋ ಸುಮಾರು ಇಮ್ಮಡಿ. ಚರ್ಮದಿಂದಲೂ ಉಸಿರಾಡುವ ಜೀವ ಮೇವು ಬಿಡುತ್ತದೆ, ನೀರು ಬಿಟ್ಟು ಮೇಲೆ ಹತ್ತಿ ಕೂರುತ್ತದೆ, ಕೊನೆಗೆ ಮೈಗೆ ಬೂಸ್ಟು ಹಿಡಿಯುತ್ತದೆ.

ತೊಟ್ಟಿಗೆ ಫ್ಯಾನ್ ಹಾಕಿದರಾಯಿತು ಎನ್ನುವವರು ಆವಿಯ ಲೆಕ್ಕ ತಿಳಿಯಬೇಕು: ನೀರು ಆವಿಯಾದಷ್ಟೂ ತಣ್ಣಗಾಗುತ್ತದೆ, ತೇವದ ಗಾಳಿಯಲ್ಲಿ ಆವಿಯಾಗುವುದೇ ಕಡಿಮೆ. ಮಣ್ಣಿನ ಮಡಕೆಯ ನೀರು ಒಣ ಬೇಸಿಗೆಯಲ್ಲಿ ತಣ್ಣಗಾಗಿ, ಮಳೆಗಾಲದಲ್ಲಿ ಹಾಗೇ ಉಳಿಯುವುದು ಇದೇ ಕಾರಣಕ್ಕೆ. ಥರ್ಮಾಮೀಟರಿನ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ, ಹತ್ತು ನಿಮಿಷ ಫ್ಯಾನ್ ಮುಂದೆ ಹಿಡಿಯಿರಿ. ಆಗ ತೋರಿದ ಅಂಕಿಗಿಂತ ಕೆಳಕ್ಕೆ ಯಾವ ಫ್ಯಾನೂ ನೀರನ್ನು ಇಳಿಸಲಾರದು. ತೊಟ್ಟಿಯ ನೀರು ಅದಕ್ಕಿಂತ ಕೆಲವು ಡಿಗ್ರಿ ಮೇಲೆಯೇ ನಿಲ್ಲುತ್ತದೆ. ಗಾಳಿ 33 ಡಿಗ್ರಿ, ತೇವಾಂಶ ಶೇ. 70 ಇರುವ ಮುಂಬೈಯಲ್ಲಿ ಆ ಅಂಕಿ ಸುಮಾರು 28. ಪುಣೆಯ ಏಪ್ರಿಲ್‌ನಲ್ಲಿ, 38 ಡಿಗ್ರಿಗೆ ಶೇ. 20 ಇದ್ದರೆ, ಸುಮಾರು 21. ಹಾಗಾಗಿ ಮುಂಬೈ ಪಕ್ಕದ ಡೊಂಬಿವಲಿಯಲ್ಲೋ ಗೋವಾದ ವಾಸ್ಕೋದಲ್ಲೋ ಬರೀ ಫ್ಯಾನ್ ನಂಬಿದರೆ ಕೆಟ್ಟಿರಿ. ಎಸಿ ಗಾಳಿ ಒಣಗಿರುತ್ತದೆ: 24ಕ್ಕೆ ಇಟ್ಟ ಕೋಣೆಯಲ್ಲಿ 12 ವೋಲ್ಟಿನ ಕಂಪ್ಯೂಟರ್ ಫ್ಯಾನ್ ನೀರನ್ನು 20–21ಕ್ಕೆ ತರಬಲ್ಲದು. ಎಸಿ ಹಗಲಿರುಳು ಓಡದ ಮನೆಗೆ ತೊಟ್ಟಿಯ ನೀರು ತಣಿಸುವ ಯಂತ್ರ, ಚಿಲ್ಲರ್, ಬೇಕು. ಅದೂ ಆಗದಿದ್ದರೆ ಮೀನು ಸಾಕಿ, ಸಂಕೋಚ ಬೇಡ. ಆವಿಯಾದಷ್ಟು ನೀರನ್ನು ಆರ್‌ಒ ನೀರಿನಿಂದ ತುಂಬಿಸಿ. ನಲ್ಲಿ ನೀರನ್ನೇ ಸುರಿಯುತ್ತಿದ್ದರೆ ತೊಟ್ಟಿಯಲ್ಲಿ ಲವಣ ಹೆಚ್ಚುತ್ತಾ ಹೋಗುತ್ತದೆ.

ಮೊದಲ ಸಲಕ್ಕೆ ನನ್ನ ಆಯ್ಕೆ ಸ್ಪೇನ್, ಮೊರಾಕ್ಕೊ ಕಡೆಯ ಪ್ಲೂರೊಡೆಲಿಸ್ ವಾಲ್ಟ್ಲ್ ಎಂಬ ನ್ಯೂಟ್. ಬಣ್ಣ ಮಂಕು, ಆದರೆ ಗಟ್ಟಿ ಜೀವ. ಉಳಿದವಕ್ಕಿಂತ ಸೆಕೆ ತುಸು ಹೆಚ್ಚು ತಾಳುತ್ತದೆ, ಮರಿಗಳೂ ನೀರಲ್ಲೇ ಇರುತ್ತವೆ. ನೆಲದ ಭಾಗವನ್ನು ಅದು ಬಳಸುವುದು ಅಪರೂಪ. ತೇಲುವ ಕಾರ್ಕ್ ತುಂಡು ಸಾಕು. ಜೋಡಿಗೆ 75 ಲೀಟರ್ ಇರಲಿ. ನೆಲ-ನೀರು ಎರಡೂ ಇರುವ ತೊಟ್ಟಿಯೇ ಬೇಕೆಂದರೆ ಜಪಾನಿ ನ್ಯೂಟ್ ತನ್ನಿ, ಬೆಳೆದದ್ದನ್ನೇ ತನ್ನಿ: ಮರಿಗಳು ವರ್ಷಗಟ್ಟಲೆ ನೀರಿಗಿಳಿಯದೆ ಜೀವಂತ ಹುಳುವನ್ನೇ ಬೇಡುತ್ತವೆ. ಡಾರ್ಜಿಲಿಂಗ್, ಸಿಕ್ಕಿಂ ಕಡೆಯ ಹಿಮಾಲಯದ ನ್ಯೂಟ್ ಯಾರೇ ಕೊಟ್ಟರೂ ಬೇಡ. ಅದು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಬೇರೆ ಯಾವ ನ್ಯೂಟ್ ತಂದರೂ ಸಾಕಣೆಯಲ್ಲೇ ಹುಟ್ಟಿದ್ದು ಎಂಬ ಕಾಗದ ಕೇಳಿ ಪಡೆಯಿರಿ.

ಪ್ರಾಣಿ ಬರುವ ನಾಲ್ಕಾರು ವಾರ ಮೊದಲೇ ಸ್ಪಾಂಜ್ ಫಿಲ್ಟರ್ ಓಡಿಸಿ, ನೀರಿನಲ್ಲಿ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಲಿ. ನಲ್ಲಿ ನೀರಿನ ಕ್ಲೋರಿನ್‌ಗೆ ಆಂಟಿಕ್ಲೋರಿನ್ ಹಾಕಿ. ತಳದ ಕಲ್ಲುಗಳು ನ್ಯೂಟ್‌ನ ತಲೆಗಿಂತ ದೊಡ್ಡವಿರಲಿ; ಸಣ್ಣ ಜಲ್ಲಿಯನ್ನು ಎರೆಹುಳುವಿನ ಜೊತೆಗೇ ನುಂಗಿ ಕರುಳು ಕಟ್ಟಿಕೊಳ್ಳುತ್ತದೆ. ಮುಚ್ಚಳಕ್ಕೆ ಬಿಗಿಯಾದ ಜಾಳಿ ಬೇಕು, ಒದ್ದೆ ಗಾಜನ್ನು ಅದು ಸರಾಗವಾಗಿ ಹತ್ತುತ್ತದೆ.